ಕರೆಯದೆ ಒಳಗೆ ಬಾರದವನು

ಮಗಳು ನೋಡುತ್ತಿದ್ದ ವೆಬ್ ಸೀರೀಸ್‌ನಲ್ಲಿ ರಕ್ತ ಹೀರುವ ಸುಂದರಾಂಗನೊಬ್ಬ ಹೊಸ್ತಿಲಾಚೆ ನಿಂತಿದ್ದ. ಯಾರಾದರೂ ಕರೆಯದೆ ಅವನು ಒಳಗೆ ಬರುವಂತಿಲ್ಲ.

ಚಿಕ್ಕಂದಿನಲ್ಲಿ ಹಾರವಾಡದ ನಮ್ಮನೆ ಟೀವಿಯಲ್ಲೂ ಇದೇ ಕಾನೂನಿತ್ತು. ಆಗ ಅವನಿಗೆ ಕೋರೆಹಲ್ಲು, ಕರಿ ನಿಲುವಂಗಿ. ನನಗೆ ಅವನಿಗಿಂತ ಅಜ್ಜಿಯದೇ ಭಯ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಬಂಗಡೆ ಮೀನು ಕೊಯ್ಯುತ್ತ ತಲೆಯನ್ನೂ ಎತ್ತದೆ "ಒಳ್ಗೆ ಬನ್ನಿ" ಎನ್ನುತ್ತಿದ್ದಳು.

"ಯಾರಂತ ನೋಡೆ ಅಜ್ಜಿ! ರಕ್ತ ಕುಡಿಯೂ ಭೂತ ಆಗಿದ್ರೆ?"

"ಯಾರಾದ್ರೇನ? ಬಿಸ್ಲಲ್ಲಿ ಬಂದವ್ರಿಗೆ ಮೊದ್ಲು ಆಸ್ರಿ ಕೊಡೂದು" ಎಂದು ಬಾಯಾರಿಕೆಗೆ ಬೆಲ್ಲ-ನೀರು ತರಲು ನನ್ನನ್ನೇ ಓಡಿಸುತ್ತಿದ್ದಳು. ಚೊಂಬು ಹಿಡಿದು ನಾನು ಬಂದವರ ಹಲ್ಲನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಕಾರವಾರದ ನಮ್ಮ ಫ್ಲ್ಯಾಟಿನ ಬೆಲ್ ಆಯಿತು. ಕಿಂಡಿಯಲ್ಲಿ ಇಣುಕಿದೆ. ಪಾರ್ಸೆಲ್ ತಂದವನು ಬೆವರು ಒರೆಸಿಕೊಳ್ಳುತ್ತಿದ್ದ.

"ಅಲ್ಲೇ ಇಟ್ಟು ಹೋಗಿ" ಎಂದೆ, ಬಾಗಿಲು ತೆಗೆಯದೆ.

ನನ್ನ ಬೆನ್ನ ಹಿಂದೆ ಟೀವಿಯಲ್ಲಿ ಯಾರೋ ಆ ಸುಂದರಾಂಗನನ್ನು ಒಳಗೆ ಕರೆದರು.