ಬಿಳಿ ಕೋಟಿನಲ್ಲಿ ನಮ್ಮ ಸೈನ್ಸ್ ಮಿಸ್
ಶಿವಾಜಿನಗರದ ಆಸ್ಪತ್ರೆಯಲ್ಲಿ, ಎದೆನೋವಿನಿಂದ ನರಳುತ್ತಿದ್ದ ಅಮ್ಮನನ್ನು ಪರೀಕ್ಷಿಸುತ್ತಿದ್ದ ನರೆಗೂದಲಿನ ಡಾಕ್ಟರ್ ತಲೆ ಎತ್ತಿದಾಗ ನಾನು ಅವಾಕ್ಕಾದೆ. ಹೈಸ್ಕೂಲಿನಲ್ಲಿ ನಮಗೆ ಸೈನ್ಸ್ ಕಲಿಸಿದ್ದ ವಿಮಲಾ ಮಿಸ್! ರಸೆಲ್ ಮಾರುಕಟ್ಟೆಯಿಂದ ಸ್ಟೀಲ್ ಡಬ್ಬಿಯಲ್ಲಿ ಕುರಿಯ ಹೃದಯ ತಂದು, ನಾವು ಕಿರುಚಿದರೂ ಬಿಡದೆ ಎಲ್ಲರ ಕೈಯಲ್ಲೂ ಹಿಡಿಸಿದ್ದವರು.

“ಮಿಸ್, ನೀವಿಲ್ಲಿ?”

“ನಲವತ್ತೈದಕ್ಕೆ ಎಂಬಿಬಿಎಸ್ ಸೇರ್ಕೊಂಡೆ ಕಣೇ. ಕ್ಲಾಸಲ್ಲಿ ಎಲ್ಲರೂ ಆಂಟಿ ಅಂತಿದ್ರು” ಎಂದು ನಕ್ಕರು. ನನ್ನ ಕಣ್ಣಲ್ಲಿ ನೀರು ಕಂಡದ್ದೇ ಗದರಿದರು: “ಏಯ್, ಅಳಬೇಡ! ಆಚೆ ಕೂತ್ಕೋ, ಅಮ್ಮನ್ನ ನಾನು ನೋಡ್ಕೋತೀನಿ.”

ಇಸಿಜಿ, ಇಂಜೆಕ್ಷನ್ ಎಲ್ಲ ಮುಗಿಯುವವರೆಗೂ ಅವರು ಅಮ್ಮನ ಪಕ್ಕದಿಂದ ಕದಲಲಿಲ್ಲ.

ಅಮ್ಮ ಗುಣವಾಗಿ ಮನೆಗೆ ಬಂದರು. ಎಲ್ಲರೂ ನನ್ನನ್ನು ‘ಮೇಡಂ’ ಅನ್ನುವ ಈ ವಯಸ್ಸಿನಲ್ಲಿ, ಆ ಗದರಿಕೆಗೆ ನಾನು ಎರಡು ಜಡೆಯ ಹುಡುಗಿಯಂತೆ ಕೈಕಟ್ಟಿ ಕೂತದ್ದು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.