ಬಸಿ ಎತ್ತಿಟ್ಟ ಕೊಲೆಗಾರ

ಊಟದ ಡಬ್ಬಿ ತೊಳೆದು, ಒರೆಸಿ, ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿಟ್ಟಿತ್ತು. ಇಷ್ಟಕ್ಕೇ ಒಬ್ಬ ತಾಯಿಯ ಎದೆ ಧಸಕ್ ಎಂದಿತು ಎಂದರೆ ನೀವು ನಗುತ್ತೀರಿ. ನಗಿರಿ, ನಮ್ಮ ಶ್ರದ್ಧಾಳನ್ನು ನೀವು ಕಂಡಿಲ್ಲ. ನಾಸಿಕದಿಂದ ಸಿನ್ನರ್‌ನ ಕಾರ್ಖಾನೆಗೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಈ ಹುಡುಗಿ ಒಂದು ದಿನವೂ ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆದವಳಲ್ಲ. ಮರುದಿನ ಬೆಳಿಗ್ಗೆ ನಾನೇ ಹುಡುಕಿ, ಮೂಗು ಮುಚ್ಚಿಕೊಂಡು ಮುಚ್ಚಳ ತೆರೆದು, ಅವಳ ಅಪ್ಪನ ವಂಶವನ್ನೆಲ್ಲ ಸ್ಮರಿಸುತ್ತ ತೊಳೆಯಬೇಕಿತ್ತು. ಅಂಥವಳು ಕೆಲವು ದಿನಗಳಿಂದ ಸಂಜೆ ಬಂದವಳೇ ತಾನೇ ತೊಳೆದಿಡುತ್ತಿದ್ದಾಳೆ. ಏನಾಯಿತೆಂದು ಕೇಳಿದರೆ, "ಏನಿಲ್ಲವ್ವಾ, ಎಲ್ಲಾ ಛಲೋ ಅದ" ಎಂಬ ಉತ್ತರ.

ನನ್ನ ಯಜಮಾನರು ಬ್ಯಾಂಕಿನವರು. ಈಗ ಸಟಾಣಾ ಶಾಖೆಯಲ್ಲಿದ್ದಾರೆ, ಶನಿವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಫೋನಿನಲ್ಲಿ ಹೇಳಿದೆ. "ಮಗಳು ಡಬ್ಬಿ ತೊಳದ್ಳು ಅಂತ ಕಂಪ್ಲೇಂಟ್ ಕೊಡೋ ತಾಯಿ ನೀ ಒಬ್ಬಾಕೇನೇ" ಎಂದು ನಕ್ಕುಬಿಟ್ಟರು. ನಾನು ನಗಲಿಲ್ಲ. ಒರೆಸಿದ ಕಪಾಟನ್ನೇ ಮತ್ತೆ ಒರೆಸಿದೆ. ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋದೆ, ಉಕ್ಕಿದ ವಾಸನೆ ಬಂದ ಮೇಲೆ ಒಳಗೆ ಓಡಿದೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಆ ಡಬ್ಬಿಯನ್ನು ನೋಡಿದಾಗಲೆಲ್ಲ ಏನೋ ನೆನಪಾಗುವಂತಿತ್ತು, ಆಗುತ್ತಿರಲಿಲ್ಲ. ಕೊನೆಗೆ ಹಾಲಿನ ಪಾತ್ರೆ ಉಜ್ಜುವಾಗ ಹೊಳೆಯಿತು. ನನಗೆ ನೆನಪಾಗಬೇಕಿದ್ದದ್ದು ಒಬ್ಬ ಕೊಲೆಗಾರ.

ಗಾಬರಿಯಾಗಬೇಡಿ, ಸಿನಿಮಾದವನು. ನಾವಾಗ ಸಂಭಾಜಿನಗರದಲ್ಲಿದ್ದೆವು, ಊರಿಗೆ ಆಗ ಬೇರೆ ಹೆಸರಿತ್ತು, ಶ್ರದ್ಧಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಪಕ್ಕದ ಮನೆಯ ನೀಲಮ್ಮಕ್ಕ ಜೇವರ್ಗಿ ಕಡೆಯವರು, ಗಂಡ ವಾಳೂಜ್‌ನಲ್ಲಿ ಕೆಲಸಕ್ಕಿದ್ದರು. ಭಾನುವಾರ ಊಟವಾದ ಮೇಲೆ ಓಣಿಯ ಕನ್ನಡದ ಹೆಂಗಸರೆಲ್ಲ ಅವರ ಮನೆಯ ಟಿವಿ ಮುಂದೆ ಸೇರುತ್ತಿದ್ದೆವು. ಹಳೆಯ ಹಿಂದಿ ಸಿನಿಮಾ ಹಾಕುವುದು, ಹಿಂದಿ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಮಾತುಮಾತಿಗೂ ಕನ್ನಡದಲ್ಲಿ ಹೇಳುತ್ತ ಹೋಗುವುದು, ಇದು ಅಲ್ಲಿನ ಪದ್ಧತಿ. ಆ ಪೀಠ ನನ್ನದಾಗಿತ್ತು. ನನ್ನ ಹಿಂದಿಯೋ, ಕಲಬುರಗಿಯ ಬಜಾರಿನಲ್ಲಿ ಚೌಕಾಶಿ ಮಾಡಿ ಕಲಿತದ್ದು. ಆದರೂ ಹಾಳೂರಿಗೆ ಉಳಿದವನೇ ಗೌಡನಲ್ಲವೇ?

ಆ ಕೊಲೆಗಾರನ ಸಿನಿಮಾ ಕಪ್ಪು ಬಿಳುಪಿನದು. ನಾಯಕ ಒಂದು ಗಡಿಯಾರ ರಿಪೇರಿ ಅಂಗಡಿಯವನು. ಅವನ ಪಾಲುದಾರ ಕೊಲೆಯಾಗುತ್ತಾನೆ, ಯಾರು ಕೊಂದರೆಂದು ಪೊಲೀಸರಿಗೆ ತಿಳಿಯದು. ನಾಯಕ ಎಲ್ಲರೆದುರು ಎದೆ ಬಡಿದುಕೊಂಡು ಅಳುತ್ತಾನೆ. ನಾನೂ ಅಳುದನಿಯಲ್ಲೇ ಅನುವಾದಿಸಿದೆ. "ತಾ ಅವತ್ತು ಊರಾಗೇ ಇರಲಿಲ್ಲ ಅಂತ ಹೇಳ್ಲತ್ತಾನ್ರಿ ಅಕ್ಕಾ."

ನೀಲಮ್ಮಕ್ಕ ಕೈ ಅಡ್ಡ ಮಾಡಿದರು. "ನೀ ಸುಮ್ನಿರು ತಂಗಿ. ಕೊಂದಾಂವ ಇವನೇ."

"ಹೆಂಗ್ರೀ?"

"ಚಾ ಕುಡದು ಕಪ್ಪು ಬಸಿ ತಾನೇ ಎತ್ತಿ ಒಳಗಿಟ್ಟ, ನೋಡಿದೇನು? ಇಷ್ಟೊತ್ತನಕ ಕುಂತಲ್ಲೇ ಬಿಟ್ಟೇಳ್ತಿದ್ದ. ಹಡದವ್ವ ಒದರಿಕೊಂಡು ಎತ್ತತಿದ್ಲು."

ನಾವು ಯಾರೂ ನೋಡಿರಲಿಲ್ಲ. ನಾನಂತೂ ಮಾತಿನ ಬೆನ್ನು ಹತ್ತಿದ್ದವಳು, ಬಸಿ ಎಲ್ಲಿ ಕಾಣಬೇಕು! ಆಮೇಲೆ ಆ ಸಿನಿಮಾ ಬಂದಾಗಲೆಲ್ಲ ಅನುವಾದ ಬಿಟ್ಟು ನೋಡತೊಡಗಿದೆ. ಆ ನಟ ಎಂಥವನೆಂದು ಆಗ ತಿಳಿಯಿತು. ಬೇರೆಯವರಾಗಿದ್ದರೆ ಹಣೆಯಲ್ಲಿ ಬೆವರು ತರಿಸುತ್ತಿದ್ದರು, ಕಣ್ಣು ಆ ಕಡೆ ಈ ಕಡೆ ಹೊರಳಿಸುತ್ತಿದ್ದರು. ಇವನು ಅದೊಂದನ್ನೂ ಮಾಡುವುದಿಲ್ಲ. ಕೊಲೆಯ ಮರುದಿನದಿಂದ ಬರೀ ಒಳ್ಳೆಯವನಾಗುತ್ತಾನೆ, ಅದೂ ಚೂರೇ ಚೂರು. ತಾಯಿಗೆ ನೀರು ಕಾಸಿ ಕೊಡುತ್ತಾನೆ. ಬೈದು ಓಡಿಸುತ್ತಿದ್ದ ಬೀದಿನಾಯಿಗೆ ರೊಟ್ಟಿ ಹಾಕುತ್ತಾನೆ. ತಾಯಿಯ ಸೆರಗು ಸರಿಮಾಡುವಾಗ ಅವನ ಬೆರಳು ಅಲ್ಲೇ ಒಂದು ಗಳಿಗೆ ಹೆಚ್ಚು ನಿಲ್ಲುತ್ತದೆ. ಆ ಒಂದು ಗಳಿಗೆಗೆ ನಾನು ಪ್ರತಿಸಲವೂ ಸೋತಿದ್ದೇನೆ.

"ಎಂಥ ನಾಟಕ ಮಾಡ್ತಾನ ನೋಡ್ರಿ, ಕಳ್ಳ" ಎಂದೆ ಒಮ್ಮೆ.

ನೀಲಮ್ಮಕ್ಕನಿಗೆ ಸಿಟ್ಟೇ ಬಂತು. "ನಾಟಕ ಅಲ್ಲವ್ವಾ ಅದು. ಅಂಜಿದ ಮನಸಿಗಿ ಮನಿಯವರ ಮ್ಯಾಲ ಮಾಯಾ ಮಮತಾ ಉಕ್ಕಿ ಬರ್ತದ. ಎಲ್ಲಿ ಕಳಕೋತೀನೋ ಅಂತ." ಕೊನೆಗೆ ಇನ್‌ಸ್ಪೆಕ್ಟರು ಅವನನ್ನು ಕೂರಿಸಿಕೊಂಡು ಗದರಿ ಕೇಳುವ ದೃಶ್ಯ ಬಂದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. "ಹಂಗ್ ಗದರಿಸಿ ಕೇಳಿದ್ರ ಯಾರ್ ಹೇಳ್ತಾರ? ಅವನಿಗಿ ಹೇಳಾಕ ಹಗೂರಾಗಂಗ ಕೇಳಬೇಕು" ಎಂದು ಅಡುಗೆಮನೆಯಿಂದಲೇ ಆ ಇನ್‌ಸ್ಪೆಕ್ಟರನಿಗೆ ಬುದ್ಧಿ ಹೇಳುತ್ತಿದ್ದರು.

ಇದೆಲ್ಲ ನೆನಪಾಗಿ ನನ್ನ ತಳಮಳ ಇಳಿಯಲಿಲ್ಲ, ಏರಿತು. ಇಂದು ಸಂಜೆ ಶ್ರದ್ಧಾ ಬಂದಳು, ಡಬ್ಬಿ ತೊಳೆದಳು. ನನ್ನ ಕೈಯಿಂದ ಸೌಟು ಕಸಿದುಕೊಂಡು, "ನೀ ಕುಂದ್ರವ್ವಾ, ನಾ ಬಡಸ್ತೀನಿ" ಎಂದಳು.

ಆಗ ನನಗೆ ಬಸಿ ಕಂಡಿತು. ನಿಜವಾದ ಸುಳಿವು ಡಬ್ಬಿಯಲ್ಲ. ಈ ಹುಡುಗಿ ಕನ್ನಡ ಮಾತಾಡುತ್ತಿದ್ದಾಳೆ!

ನಮ್ಮ ಮನೆಯ ಕಥೆ ಪರವೂರಿನಲ್ಲಿರುವ ಎಲ್ಲ ಕನ್ನಡದ ಮನೆಗಳದೇ. ಹೊಸ್ತಿಲೊಳಗೆ ಕನ್ನಡ ಎಂದು ನಾನು ಅವಳ ಬಾಲ್ಯದಿಂದ ಹಟ ಹಿಡಿದವಳು. ನಾನು ಕನ್ನಡದಲ್ಲಿ ಕೇಳುವುದು, ಅವಳಿಗೆ ಎಲ್ಲ ತಿಳಿಯುವುದು, ಉತ್ತರ ಮಾತ್ರ ಮರಾಠಿಯಲ್ಲಿ. ನಾನು ಅವಳಿಗೆ ಯಾವತ್ತೂ 'ಆಯಿ'. ಬೈದೆ, ಮುನಿದೆ, ಮಾತು ಬಿಟ್ಟೆ, ಅವಳು ಕೇಳಲಿಲ್ಲ. ಈಗ ನಾನು ಹೇಳದೆಯೇ 'ಅವ್ವಾ' ಎನ್ನುತ್ತಿದ್ದಾಳೆ, ಒಂದೊಂದೇ ಶಬ್ದ ತಡವಿ ಹುಡುಕಿ ನನಗೆ ಬಡಿಸುತ್ತಿದ್ದಾಳೆ. ಹರಕೆ ಹೊತ್ತು ಬೇಡಿದ್ದು ಕೈಗೆ ಬಂದಿದೆ, ನನಗೆ ಭಯವಾಗುತ್ತಿದೆ.

ಏನು ಮುಚ್ಚಿಟ್ಟಿದ್ದೀ ಹೇಳು ಎಂದು ಕನ್ನಡದಲ್ಲಿ ಗದರಿ ಕೇಳಲು ಬಾಯಿ ತೆರೆದೆ. ಒಳಮನೆಯಿಂದ ನೀಲಮ್ಮಕ್ಕ ಕೆಮ್ಮಿದಂತಾಯಿತು. ಅವಳ ತಾಟಿಗೆ ತುಪ್ಪ ಹಾಕಿದೆ. ಹೊಸ್ತಿಲೊಳಗೆ ಎಂದೂ ಆಡದ ಮರಾಠಿಯಲ್ಲಿ, ಸೋತ ದನಿಯಲ್ಲಿ ಕೇಳಿದೆ, "ಕಾಯ್ ಝಾಲಂ, ಬಾಳಾ?"

ತುತ್ತು ಅವಳ ಕೈಯಲ್ಲೇ ನಿಂತಿತು. ಏನಾಯಿತು ಮಗಳೇ ಎಂದು ಯಾರಾದರೂ ಕೇಳಲಿ ಎಂದು ಅವಳು ಕಾದಿದ್ದಳೋ ಏನೋ. ಮುಖ ಕುಸಿಯಿತು.

"ಆಯೀ, ಮಲಾ ಕಾಮಾವರೂನ್ ಕಾಢಲಂ."

ಕೆಲಸದಿಂದ ತೆಗೆದಿದ್ದರು. ಆಮೇಲೆ ತಡೆಯಿಲ್ಲದ ಮರಾಠಿ ಹರಿಯಿತು. ಅವಳ ಗುಂಪಿನ ಕಾಂಟ್ರ್ಯಾಕ್ಟ್ ಮುಗಿದಿತ್ತು, ಮುಂದುವರಿಸಲಿಲ್ಲ. ನಾನು ಕಲಬುರಗಿಯ ಬಳಗಕ್ಕೆಲ್ಲ ಮಗಳ ನೌಕರಿಯನ್ನು ಡಂಗುರ ಸಾರಿದ್ದೆ, ಅದಕ್ಕೇ ಹೇಳಲು ಬಾಯಿ ಬರಲಿಲ್ಲವಂತೆ. ದಿನವೂ ಒಂದು ವಾಚನಾಲಯದಲ್ಲಿ ಕೂತು, ನಾನು ಕಟ್ಟಿಕೊಟ್ಟದ್ದನ್ನು ಉಂಡು, ಅಲ್ಲಿಂದಲೇ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳಂತೆ. ನಾನು ನಡುನಡುವೆ ಹೂಂಗುಟ್ಟಿದೆ. ತಪ್ಪು ಮರಾಠಿಯಲ್ಲಿ ಸಮಾಧಾನ ಹೇಳಿದ್ದಕ್ಕೆ ಅಳುತ್ತಲೇ ನಕ್ಕಳು.

ಮುಂದೇನು, ತಿಳಿಯದು. ಶನಿವಾರ ಅವರಪ್ಪ ಬಂದಾಗ ಹೇಳಬೇಕು. ಹೊಟ್ಟೆತುಂಬ ಉಂಡಳು, ಕಣ್ಣೊರೆಸಿಕೊಂಡಳು, "ಆಯೀ, ಝೋಪ್ ಯೇತೇ" ಎಂದು ಆಕಳಿಸುತ್ತ ಎದ್ದು ಹೋದಳು. ಎಂಜಲು ತಾಟು ಉಂಡಲ್ಲೇ ಬಿದ್ದಿತ್ತು. ನಾನು ಅವಳ ಅಪ್ಪನ ವಂಶವನ್ನೆಲ್ಲ ಸ್ಮರಿಸುತ್ತ ಅದನ್ನು ಎತ್ತಿಕೊಂಡೆ.