ದರ್ಜಿ ಅಕ್ಕ ಆರಿಸಿದ ಆ್ಯಪ್

ಬಟ್ಟೆ ಹೊಲಿದೇ ತಂಗಿಯನ್ನು ಸಾಕಿ, ಓದಿಸಿ, ದೊಡ್ಡ ಮನೆಗೆ ಕೊಟ್ಟವಳು ದರ್ಜಿ ಅಕ್ಕ. ಮೊನ್ನೆ ಅದೇ ತಂಗಿ, "ಮನೆಯವರ ಫೋಟೊಗಳನ್ನೆಲ್ಲ ಜೋಡಿಸಿ ಗೋಡೆಗೆ ಹಾಕ್ಬೇಕು, ಸುಲಭದ್ದೊಂದು ಆ್ಯಪ್ ಹುಡುಕಿಕೊಡಕ್ಕಾ" ಎಂದಿದ್ದಳು. ಅಕ್ಕ ಹೊಲಿಗೆ ಬದಿಗಿಟ್ಟು ಐದಾರು ಆ್ಯಪ್ ನೋಡಿದಳು. ಚೌಕಕ್ಕೆ ಹಿಡಿಸದ ತಲೆಗಳನ್ನು ತಾವಾಗಿಯೇ ಕತ್ತರಿಸುವಂಥವನ್ನೆಲ್ಲ ಬೈದು ಅಳಿಸಿದಳು. ನಾವು ಬೆರಳಿಟ್ಟು ಹೇಳದೆ ಯಾರ ಕೂದಲನ್ನೂ ಕೊಂಕಿಸದ ಒಂದನ್ನು ಅಳೆದೂ ಸುರಿದೂ ಆರಿಸಿಕೊಟ್ಟಳು.

ಅಕ್ಕ ನೋಡಲು ಹೋದಾಗ ತಂಗಿಯ ಮನೆಯ ಗೋಡೆಯ ಮೇಲೆ ಅತ್ತೆ, ಮಾವ, ನಾದಿನಿ ಇದ್ದರು, ಕಡೆಗೆ ನಾಯಿಯೂ ಇತ್ತು. ಮದುವೆಯ ಫೋಟೊದಲ್ಲಿ ಮಾತ್ರ ತಂಗಿಯ ಹೆಗಲ ಮೇಲೆ, ಸೂಜಿ ಚುಚ್ಚಿ ಜಡ್ಡುಗಟ್ಟಿದ ನಾಲ್ಕು ಬೆರಳು ಉಳಿದಿದ್ದವು.

"ಅಯ್ಯೋ, ಆ ಹಾಳು ಆ್ಯಪ್ಪೇ ನಿನ್ನ ಕತ್ತರಿಸಿಬಿಡ್ತಕ್ಕಾ," ಎಂದಳು ತಂಗಿ.

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು.

"ಅದಕ್ಕೆ ಅಷ್ಟು ಬುದ್ಧಿ ಇಲ್ಲ ಅಂತಾನೇ ಆರಿಸಿದ್ದೆ ಕಣೇ."